ಹೊಸ್ತಿಲ ಕೆಳಗಿನ ಕೋಟೆ

ಹಳೆಯ ಕಟ್ಟಡಗಳನ್ನು ಕಾಯುವ ಇಲಾಖೆಯೊಂದಕ್ಕೆ ನಾನು ನಕ್ಷೆ ಬರೆಯುವವಳಾಗಿ ಸೇರಿ, ಸಂರಕ್ಷಣಾ ಸಹಾಯಕಿಯಾಗಿ ಹೊರಗೆ ಬಂದೆ. ನಡುವೆ ಸಿಕ್ಕ ಬಡ್ತಿಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಪ್ರತಿ ಬಡ್ತಿಗೂ ಕುರ್ಚಿ ಸ್ವಲ್ಪ ಎತ್ತರವಾಯಿತು, ಕಲ್ಲು ಸ್ವಲ್ಪ ದೂರವಾಯಿತು, ಅಷ್ಟೆ. ಈಗ ಕೆಲಸಕ್ಕೆ ಸೇರುವ ಮಕ್ಕಳು ಶಿಕಾರಿಪುರದ ನನ್ನ ಮನೆಗೆ ಬಂದು, "ಮೇಡಂ, ಇತಿಹಾಸ ಎಷ್ಟು ಓದಿರಬೇಕು?" ಎಂದು ಕೇಳುತ್ತಾರೆ. ಇತಿಹಾಸ ಆಮೇಲೆ ನೋಡೋಣ. ಮೊದಲು ಉದ್ದ ತೋಳಿನ ಅಂಗಿ ಹೊಲಿಸಿಕೊಳ್ಳಿ, ಪಾಳುಕೋಟೆಯ ತುಂಬ ಲಂಟಾನ ಬೆಳೆದಿರುತ್ತದೆ. ಕೈಯಲ್ಲೊಂದು ಕೋಲಿರಲಿ, ಹಾವಿಗೆ. ಹೆಣ್ಣುಮಕ್ಕಳು ಬೆಳಗ್ಗೆ ಬಸ್ಸು ಹತ್ತುವ ಮೊದಲು ನೀರು ಕಡಿಮೆ ಕುಡಿಯಿರಿ, ಯಾವ ರಾಜನೂ ನಮಗೋಸ್ಕರ ಶೌಚಾಲಯ ಕಟ್ಟಿಸಿ ಹೋಗಿಲ್ಲ, ಇಲಾಖೆಯೂ ಕಟ್ಟಿಸಿಲ್ಲ. ಇಷ್ಟಾದ ಮೇಲೆ ಸಮಯ ಉಳಿದರೆ ಇತಿಹಾಸ.

ನನ್ನ ಕೆಲಸದ ಬಹುಪಾಲು ಕಳೆದದ್ದು ಒಂದೇ ಕೋಟೆಯ ಸುತ್ತ. ಊರಿನ ನಿಜವಾದ ಹೆಸರು ಬರೆದರೆ ಜಗಳಕ್ಕೆ ಬರುವವರು ಇದ್ದಾರೆ. ಕೋಟೆಕೊಪ್ಪ ಎಂದಿಟ್ಟುಕೊಳ್ಳಿ. ಶಿಕಾರಿಪುರದಿಂದ ಆನವಟ್ಟಿ ಬಸ್ಸು ಹತ್ತಿ ನಡುದಾರಿಯಲ್ಲಿ ಇಳಿದು, ಮೆಕ್ಕೆಜೋಳದ ಹೊಲಗಳ ಬದುವಿನ ಮೇಲೆ ನಡೆದರೆ ಸಿಗುತ್ತದೆ. ಕೋಟೆ ಎಂದ ಕೂಡಲೇ ಚಿತ್ರದುರ್ಗವನ್ನು ನೆನೆಸಿಕೊಂಡು ಬಂದವರು, ಅದರ ಮೇಲೇ ನಿಂತು, "ಕೋಟೆ ಎಲ್ಲಿದೆ?" ಎಂದು ನನ್ನನ್ನೇ ಕೇಳಿದ್ದುಂಟು. ಒಂದು ದಿಬ್ಬ, ಮುಕ್ಕಾಲು ಮುಚ್ಚಿಹೋದ ಕಂದಕ, ಕುಸಿದ ಗೋಡೆ, ಒಂದು ಬುರುಜು, ಒಂದು ಬಾಗಿಲು. ದಿಬ್ಬದ ಬುಡಕ್ಕೇ ಊರು. ಬೆಳಗಿನ ಹೊತ್ತು ಗುಡವಿ ಪಕ್ಷಿಧಾಮದ ಕಡೆಯಿಂದ ಬಂದ ಕೊಕ್ಕರೆಗಳು ಬುರುಜಿನ ಮೇಲೆ ಕೂತು ಕಾವಲು ಮಾಡುತ್ತಿದ್ದವು. ಇಲಾಖೆ ನೇಮಿಸಿದ ಕಾವಲುಗಾರ ಅವುಗಳಿಗಿಂತ ತಡವಾಗಿ ಬರುತ್ತಿದ್ದ.

ಕಟ್ಟಿಸಿದವರು ಯಾರು? ಬಳ್ಳಿಗಾವಿ ದೊಡ್ಡ ಪಟ್ಟಣವಾಗಿದ್ದ ಕಾಲದಲ್ಲಿ ಯಾವನೋ ನಾಡಗಾವುಂಡ ಕಟ್ಟಿಸಿರಬೇಕು. ಬುರುಜನ್ನು ಕೆಳದಿ ಅರಸರ ಕಾಲದಲ್ಲಿ ಯಾರೋ ರಿಪೇರಿ ಮಾಡಿಸಿದ ಹಾಗೆ ಕಾಣುತ್ತದೆ. 'ಇರಬೇಕು' ಮತ್ತು 'ಕಾಣುತ್ತದೆ' ಎಂಬ ಎರಡು ಮಾತಿಲ್ಲದಿದ್ದರೆ ನಮ್ಮ ಇಲಾಖೆ ಎಂದೋ ಬಾಗಿಲು ಮುಚ್ಚುತ್ತಿತ್ತು. ಸುತ್ತಮುತ್ತಲ ಊರುಗಳಲ್ಲಿ ದನ ಬಿಡಿಸಲು ಹೋಗಿ ಸತ್ತವನಿಗೂ ವೀರಗಲ್ಲಿದೆ, ಕೆರೆಗೆ ತೂಬು ಇಡಿಸಿದವನಿಗೂ ಶಾಸನವಿದೆ. ಇಷ್ಟು ದೊಡ್ಡ ಗೋಡೆ ಎಬ್ಬಿಸಿದ ಮಹಾನುಭಾವ ಮಾತ್ರ ಒಂದಕ್ಷರವನ್ನೂ ಕೆತ್ತಿಸದೆ ಹೋಗಿಬಿಟ್ಟಿದ್ದಾನೆ. ಹೆಸರಿಲ್ಲದ ಕೋಟೆ ಎಂದರೆ ತಕರಾರಿನ ಜಮೀನಿದ್ದ ಹಾಗೆ. ಯಾರು ಬೇಕಾದರೂ ಬಂದು ನಮ್ಮ ಪೂರ್ವಿಕರದ್ದು ಎನ್ನಬಹುದು. ಚುನಾವಣೆ ಹತ್ತಿರವಾದಾಗಲೆಲ್ಲ ಹಾಗೆ ಅನ್ನುವವರು ಬಂದರು, ಮಾಲೆ ಹಾಕಲು ವಿಗ್ರಹವಿಲ್ಲದ್ದರಿಂದ ಬುರುಜಿಗೇ ಹಾಕಿ ಹೋದರು.

ಇನ್ನು ಕೋಟೆ ಹಾಳಾದದ್ದು ಹೇಗೆ ಎಂಬ ಪ್ರಶ್ನೆ. ಇದಕ್ಕೆ ಉತ್ತರ ಕೊಟ್ಟವರು ಆಗಿನ ನಮ್ಮ ಮೇಲಧಿಕಾರಿಗಳು. ನಾವೆಲ್ಲ ಅವರನ್ನು ದೊಡ್ಡ ಸಾಹೇಬರು ಎನ್ನುತ್ತಿದ್ದೆವು. ತುಂಬ ಓದಿಕೊಂಡವರು, ಮೈಸೂರಿನ ಕಡೆಯವರು, ಬಿಸಿಲಿಗೆ ಹ್ಯಾಟು, ಮಳೆಗೆ ರಜೆ. ಕೋಟೆ ಬಾಗಿಲಿನ ಒಳಗೆ ಎಡಬಲಕ್ಕೆ ಹಳೆಯ ಕಾವಲಿನವರು ಕೂರುತ್ತಿದ್ದ ಎರಡು ಕಲ್ಲಿನ ಜಗಲಿಗಳಿವೆ. ಬಲಗಡೆಯದು ಖಾಲಿ. ಎಡಗಡೆಯ ಜಗಲಿಯ ಮೇಲೆ ಎದೆಯುದ್ದಕ್ಕೆ ಕಲ್ಲುಗಳ ರಾಶಿ. ಎಲ್ಲವೂ ಉಳಿಪೆಟ್ಟಿನ ಒಳ್ಳೆಯ ಕೋಟೆಗಲ್ಲುಗಳು. ಸಾಹೇಬರು ಮೊದಲ ಸಲ ಬಂದವರೇ ಆ ರಾಶಿಯ ಮುಂದೆ ನಿಂತು, ಹ್ಯಾಟು ತೆಗೆದು, "ಆನೆ!" ಎಂದರು.

ನಾನು ಹಿಂದೆ ತಿರುಗಿ ನೋಡಿದೆ.

"ಅಲ್ಲಲ್ಲ, ಆನೆ ದಾಳಿ ಅಂದೆ. ಶತ್ರುಗಳು ಆನೆಯಿಂದ ಬಾಗಿಲು ಒಡೆಸಿದಾರೆ. ಬಾಗಿಲ ಮೇಲಿನ ಕಲ್ಲೆಲ್ಲ ಒಳಗಡೆಗೇ ಬಿದ್ದಿದೆ ನೋಡಿ. ಕ್ಲಾಸಿಕ್ ಕೇಸ್."

"ಆನೆ ಕೆಡವಿದ ಕಲ್ಲು ಇಷ್ಟು ನೀಟಾಗಿ ಒಂದರ ಮೇಲೊಂದು ಕೂತಿರುತ್ತವಾ ಸರ್?"

"ಗೆದ್ದ ಮೇಲೆ ಸೈನಿಕರು ಎತ್ತಿ ಜೋಡಿಸಿರಬಹುದು."

"ಕೆಲವಕ್ಕೆ ಅರಿಶಿನ ಕುಂಕುಮ ಹಚ್ಚಿದೆಯಲ್ಲ ಸರ್."

"ಹಳ್ಳಿ ಜನ ರೀ. ಮೈಲಿಗಲ್ಲಿಗೂ ಹಚ್ತಾರೆ."

ಅಲ್ಲಿಗೆ ಮುಗಿಯಿತು. ಆ ರಾಶಿಯ ಬಗ್ಗೆ ಅವರದೊಂದು ಲೇಖನ ಬಂತು. ನಾನು ಬರೆದ ನಕ್ಷೆಯಲ್ಲಿ ರಾಶಿಗೆ 'ಯುದ್ಧದ ಅವಶೇಷ' ಎಂದು ಹೆಸರಾಯಿತು. ಕೊನೆಗೆ ನೀಲಿ ಫಲಕವೂ ಬಂತು: 'ಪ್ರಾಚೀನವಾದ ಈ ಕೋಟೆಯು ಶತ್ರುಗಳ ಗಜದಾಳಿಗೆ ತುತ್ತಾಗಿ ನಾಶವಾಯಿತು. ಇಲ್ಲಿಂದ ಕಲ್ಲುಗಳನ್ನು ಸಾಗಿಸುವುದು ಶಿಕ್ಷಾರ್ಹ ಅಪರಾಧ.' ಊರಿನವರನ್ನು ವಿಚಾರಿಸಿದರೆ, "ನಮಗೇನು ಗೊತ್ರೀ, ಓದಿದೋರು ನೀವು" ಎಂದು ಜಾರಿಕೊಳ್ಳುತ್ತಿದ್ದರು. ಕಲ್ಲಿನ ಇಲಾಖೆಯವರ ಮುಂದೆ ಕಲ್ಲಿನ ಸುದ್ದಿ ಎತ್ತಿದರೆ ಕೇಸು ಬೀಳುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಶಾಲೆಯ ಮಕ್ಕಳು ಪ್ರವಾಸಕ್ಕೆ ಬಂದಾಗ ನಾನೇ ಆ ರಾಶಿ ತೋರಿಸಿ ಆನೆಯ ಕಥೆ ಹೇಳುತ್ತಿದ್ದೆ. ಆನೆ ಎಂದರೆ ಮಕ್ಕಳು ಸುಮ್ಮನೆ ಕೂತು ಕೇಳುತ್ತವೆ. ಇತಿಹಾಸಕ್ಕೆ ಇನ್ನೇನು ಬೇಕು?

ಕೆಲಸದ ವಿಧಾನ ಹೇಗೆ ಬದಲಾಯಿತು ಎಂದು ಕೇಳುತ್ತೀರಿ, ಅದನ್ನೂ ಹೇಳಿಬಿಡುತ್ತೇನೆ. ನಾನು ಸೇರಿದಾಗ ಬುರುಜಿನ ಸಂದಿಗಳಿಗೆ ಸಿಮೆಂಟು ಮೆತ್ತುವುದೇ ಸಂರಕ್ಷಣೆ. ಬುರುಜು ಒಳ್ಳೆ ಬಸ್ ಸ್ಟ್ಯಾಂಡಿನ ಹಾಗೆ ಬೆಳ್ಳಗೆ ಗಟ್ಟಿಯಾಯಿತು, ಎಲ್ಲರಿಗೂ ಸಂತೋಷ. ಮುಂದೆ ಬಂದವರು, ಸಿಮೆಂಟು ಮಹಾಪಾಪ, ಸುಣ್ಣದ ಗಾರೆಯೇ ಆಗಬೇಕು ಎಂದರು. ಅದೇ ಗುತ್ತಿಗೆದಾರ ಬಂದು, ತಾನೇ ಮೆತ್ತಿದ ಸಿಮೆಂಟನ್ನು ಕೆತ್ತಿ ತೆಗೆದ. ಸಿಮೆಂಟಿನ ಜೊತೆಗೆ ಹಳೆಯ ಕಲ್ಲಿನ ಮುಖವೂ ಒಂದಿಷ್ಟು ಎದ್ದು ಬಂತು. ಶತ್ರುಗಳ ಆನೆ ಮಾಡದೆ ಬಿಟ್ಟ ಕೆಲಸವನ್ನು ಹೀಗೆ ನಾವು ಪೂರೈಸಿದೆವು. ಆಮೇಲೆ ಡ್ರೋನು ಬಂತು. ನಾನು ಲಂಟಾನದ ಮುಳ್ಳಲ್ಲಿ ಟೇಪು ಎಳೆದುಕೊಂಡು ವಾರಗಟ್ಟಲೆ ಬರೆದ ನಕ್ಷೆಯನ್ನು ಅದು ಚಹಾ ಕುಡಿದು ಮುಗಿಸುವಷ್ಟರಲ್ಲಿ ತೆಗೆದುಕೊಟ್ಟಿತು. ಆ ದಿನ ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಆದರೆ ಡ್ರೋನಿನ ಚಿತ್ರದಲ್ಲೂ ಆ ರಾಶಿಯ ಮೇಲೆ 'ಯುದ್ಧದ ಅವಶೇಷ' ಎಂದೇ ಬರೆದಿತ್ತು. ಯಂತ್ರಕ್ಕೂ ನಮ್ಮ ಫಲಕವೇ ಗುರು.

ಇನ್ನು ಲೋಕಮ್ಮನ ಪ್ರಕರಣ. ಇದನ್ನು ಹೇಳುವುದಕ್ಕೇ ಇಷ್ಟೆಲ್ಲ ಪೀಠಿಕೆ.

ಲೋಕಮ್ಮ ಕೋಟೆಕೊಪ್ಪದವಳು. ಗಂಡ ತೀರಿಹೋಗಿದ್ದ. ಆನವಟ್ಟಿ ಸಂತೆಯಲ್ಲಿ ಸೊಪ್ಪು ತರಕಾರಿ ಮಾರಿ ಮಗಳನ್ನು ಓದಿಸುತ್ತಿದ್ದಳು. ಅವಳ ಹಳೆಯ ಮಣ್ಣಿನ ಮನೆ ಕೋಟೆಗೆ ಆತುಕೊಂಡೇ ಇತ್ತು, ಎಂದರೆ ಸ್ಮಾರಕದ ಸುತ್ತ ಏನೂ ಕಟ್ಟಬಾರದೆಂದು ಗುರುತು ಮಾಡಿದ ನಮ್ಮ ನಿಷೇಧಿತ ವಲಯದೊಳಗೆ. ಗೋಡೆ ಬಿರುಕು ಬಿಟ್ಟಿದೆ, ರಿಪೇರಿಗೆ ಅನುಮತಿ ಕೊಡಿ ಎಂದು ಅರ್ಜಿ ಕೊಟ್ಟಳು. ನಾವು ಕೊಡಲಿಲ್ಲ, ಕೊಡುವ ಕ್ರಮವಿರಲಿಲ್ಲ. ಬಿರುಕು ದೊಡ್ಡದಾಯಿತು. ಅಷ್ಟರಲ್ಲಿ ಪುಣ್ಯಕ್ಕೆ ಅವಳಿಗೆ ಸರ್ಕಾರದ ಮನೆ ಮಂಜೂರಾಯಿತು. ರಸ್ತೆ ಬದಿಯಲ್ಲಿ, ನಮ್ಮ ವಲಯದ ಆಚೆಗೆ ಒಂದು ನಿವೇಶನವೂ ಸಿಕ್ಕಿತು. ಹಳೆಯ ಮನೆ ಕೆಡವಿ, ಸಾಮಾನು ಸಮೇತ ಮಗಳ ಜೊತೆ ಟಾರ್ಪಾಲಿನ ಕೆಳಗೆ ಕೂತಳು. ಮಳೆಗಾಲದೊಳಗೆ ಪಾಯ ಏಳಬೇಕು, ಪಾಯದ ಫೋಟೊ ಪಂಚಾಯಿತಿಗೆ ಹೋಗಬೇಕು. ಇಲ್ಲವಾದರೆ ಮಂಜೂರಾತಿ ಬೇರೆಯವರ ಪಾಲು.

ಆ ವಾರ ನಮ್ಮ ಕಾವಲುಗಾರ ಪರಸಪ್ಪ ಶಿಕಾರಿಪುರದ ಕಚೇರಿಗೆ ಫೋನು ಮಾಡಿದ. ಪರಸಪ್ಪ ಸೊರಬದ ಆಚೆಯವನು, ಈ ಊರಿಗೆ ಹೊಸಬ. ಕೆಲಸಕ್ಕೆ ಸೇರಿದಂದಿನಿಂದ ಒಬ್ಬ ಕಳ್ಳನನ್ನಾದರೂ ಹಿಡಿಯಬೇಕೆಂಬ ಆಸೆ ಇಟ್ಟುಕೊಂಡವನು. "ಮೇಡಂ, ಸಿಕ್ಕಿಬಿದ್ರು! ಕೋಟೆಕಲ್ಲು, ಟ್ರ್ಯಾಕ್ಟರ್ ಸಮೇತ! ಪೊಲೀಸಿಗೆ ಹೇಳೀನಿ, ಮಹಜರೂ ಬರೆದೀನಿ!" ಎಂದ. ನಾನು ಹೋಗುವಷ್ಟರಲ್ಲಿ ಕೋಟೆ ಬಾಗಿಲ ಮುಂದೆ ಅರ್ಧ ಊರೇ ನೆರೆದಿತ್ತು. ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಒಂದೇ ಒಂದು ಕಲ್ಲು, ತೊಳೆದು ಅರಿಶಿನ ಹಚ್ಚಿದ್ದು. ಪಕ್ಕದಲ್ಲಿ ಎಲೆ ಅಡಿಕೆಯ ತಟ್ಟೆ ಹಿಡಿದುಕೊಂಡು ಲೋಕಮ್ಮ. ಟ್ರ್ಯಾಕ್ಟರಿನ ಯಜಮಾನ ರಹಮತ್ ಸಾಬ್ ತಲೆಗೆ ಕೈ ಕೊಟ್ಟು ಕೂತಿದ್ದರು.

"ಪರಸಪ್ಪ, ಟ್ರ್ಯಾಕ್ಟರಿನ ಮೂತಿ ಯಾವ ಕಡೆಗಿದೆ?" ಎಂದೆ.

"ಕೋಟೆ ಕಡೆಗೈತ್ರಿ."

"ಕಲ್ಲು ಕದ್ದವರು ಕೋಟೆಯೊಳಗೆ ಯಾಕೆ ಹೋಗ್ತಾರೆ?"

ಪರಸಪ್ಪ ಸ್ವಲ್ಪ ಯೋಚಿಸಿ, "ಇನ್ನೊಂದು ಕದಿಯಾಕೆ ಹೊಂಟಿರಬೇಕ್ರಿ" ಎಂದ.

ಲೋಕಮ್ಮನಿಗೆ ಅಳು, ಸಿಟ್ಟು ಎರಡೂ ಬಂದಿದ್ದವು. "ಕದಿಯಾಕೆ ಯಾವಳಾದ್ರೂ ಎಲೆ ಅಡಿಕೆ ಹಿಡಕಂಡು ಬರ್ತಾಳೇನ್ರೀ ಮೇಡಂ? ಇದು ನಮ್ಮ ಮನೆ ಹೊಸ್ತಿಲ ಕೆಳಗಿನ ಕಲ್ಲು. ನಮ್ಮ ಮಾವನ ತಾತನೋ ಅವರ ತಾತನೋ ಕಡ ತಂದಿದ್ದು. ಮನೆ ಕೆಡವಿದ್ವಲ್ಲ, ವಾಪಸ್ ಕೊಡಾಕೆ ಬಂದೀನಿ."

ಆಗ ಊರಿನವರು ಬಾಯಿಬಿಟ್ಟರು. ಕೋಟೆಕೊಪ್ಪದಲ್ಲಿ ಯಾರೇ ಮನೆ ಕಟ್ಟಲಿ, ಯಾವ ಜಾತಿಯವರೇ ಆಗಲಿ, ಸಾಬರೇ ಆಗಲಿ, ಕೋಟೆಯಿಂದ ಒಂದು ಕಲ್ಲು ಕಡ ತಂದು ಹೊಸ್ತಿಲ ಕೆಳಗೆ ಇಡಬೇಕು. ಬಾಗಿಲಲ್ಲಿ ನಿಂತು, "ಕಡ ಒಯ್ತೀನಿ, ಮನೆ ಬಿದ್ದ ದಿನ ತಂದಿಡ್ತೀನಿ" ಎಂದು ಬಾಯಿಬಿಟ್ಟು ಹೇಳಬೇಕು. ಆ ಮನೆ ಬಿದ್ದಾಗ ಅದೇ ಕಲ್ಲನ್ನು ತಂದು ಎಡಗಡೆಯ ಜಗಲಿಯ ಮೇಲೆ ಇಡಬೇಕು. ಹೊಸ ಮನೆ ಕಟ್ಟುವವರು ಅಲ್ಲಿಂದಲೇ ಎತ್ತಿಕೊಳ್ಳಬೇಕು. ಹಳೆಯ ಕಡ ತೀರಿಸದವರು ಹೊಸ ಕಡ ಕೇಳುವಂತಿಲ್ಲ. ಹೊಸ್ತಿಲ ಕೆಳಗೆ ಕೋಟೆಕಲ್ಲಿಲ್ಲದ್ದು ಮನೆಯೇ ಅಲ್ಲ, ಅದು ಬರೀ ಶೆಡ್ಡು. ಲೋಕಮ್ಮ ಆ ದಿನ ಕಲ್ಲನ್ನು ಒಳಗೆ ಒಯ್ದು ಜಗಲಿಯ ಮೇಲಿಟ್ಟು, ಕೈಮುಗಿದು, ಅದೇ ಕಲ್ಲನ್ನು ಮತ್ತೆ ಕಡ ಕೇಳಿಕೊಂಡು ಹೊಸ ಪಾಯಕ್ಕೆ ಒಯ್ಯುವವಳಿದ್ದಳು.

ನಾನು ಎಡಗಡೆಯ ಜಗಲಿಯನ್ನು ನೋಡಿದೆ. ಎದೆಯುದ್ದದ ರಾಶಿ. ಆ ಊರಿನಲ್ಲಿ ಬಿದ್ದ ಮನೆಗಳೆಲ್ಲ ತಂದೊಪ್ಪಿಸಿದ ಕಲ್ಲುಗಳು. ನಮ್ಮ ಕಾನೂನಿನ ಹೆದರಿಕೆಯಿಂದ ಹೊಸಬರು ಒಯ್ಯುವುದು ಕಡಿಮೆಯಾಗಿ, ರಾಶಿ ಬೆಳೆದು ನಿಂತಿತ್ತು. ಅಲ್ಲಿ ಒಂದು ಆನೆಯೂ ಇರಲಿಲ್ಲ. ನನಗೆ ನಗು ಬಂತು, ತಡೆದುಕೊಂಡೆ. ಮಹಜರಿನ ಜಾಗದಲ್ಲಿ ನಗಬಾರದು.

ಆದರೆ ಕೇಸು ಕೇಸೇ. ಲೋಕಮ್ಮನ ಹೆಸರಿಗೆ ಕಳವಿನ ದೂರು ಬಿತ್ತು. ಕೇಸಿದ್ದವರಿಗೆ ಬಿಲ್ಲು ಹೇಗೆ ಮಾಡೋಣ ಎಂದು ಪಂಚಾಯಿತಿಯವರು ಕೈಚೆಲ್ಲಿದರು. ಪಾಯದ ಕೆಲಸ ನಿಂತಿತು. ಅತ್ತ ಅಂಬ್ಲಿಗೊಳ ಜಲಾಶಯದ ಕಾಲುವೆಗೆ ನೀರು ಬಿಟ್ಟಾಗಿತ್ತು. ಗದ್ದೆಗಳೆಲ್ಲ ಕೆಸರಾಗಿ ಟ್ರ್ಯಾಕ್ಟರಿಗೆ ಕಾಯುತ್ತಿದ್ದರೆ, ಟ್ರ್ಯಾಕ್ಟರು ಜಪ್ತಿಯಾಗಿ ಕೋಟೆ ಕಾಯುತ್ತಿತ್ತು. ರಹಮತ್ ಸಾಬ್ ದಿನಾ ಬೆಳಗ್ಗೆ ಬಂದು ಅದನ್ನು ನೋಡಿಕೊಂಡು ಹೋಗುತ್ತಿದ್ದರು. "ಮೇಡಂ, ನಮ್ಮ ಮನೆ ಹೊಸ್ತಿಲ ಕೆಳಗೂ ಒಂದೈತ್ರಿ. ಅದನ್ನ ಅಲ್ಲೇ ಇಟ್ಕಂಡ್ರೆ ಕೇಸಿಲ್ಲ, ವಾಪಸ್ ತಂದ್ರೆ ಕೇಸು. ಇದು ಯಾವ ನ್ಯಾಯ್ರೀ?" ಎಂದರು. ಟಾರ್ಪಾಲಿನ ಕೆಳಗೆ ತಾಯಿ ಮಗಳು ಒಲೆ ಹೊತ್ತಿಸುತ್ತಿದ್ದುದನ್ನು ಕಂಡಾಗ ನನ್ನ ಕೆಲಸದ ಬಗ್ಗೆಯೇ ನಾಚಿಕೆಯಾಯಿತು.

ದೊಡ್ಡ ಸಾಹೇಬರು ಸ್ಥಳ ಪರಿಶೀಲನೆಗೆ ಬಂದರು. ನಾನು ಎಲ್ಲವನ್ನೂ ಹೇಳಿದೆ. ಅವರು ಶಾಂತವಾಗಿ ಕೇಳಿ, "ಹೊರಗೆ ಸಾಗಿಸಿಲ್ಲ, ಒಳಗೆ ತರ್ತಿದ್ರು ಅಂತೀರಿ. ಒಪ್ಪೋಣ. ಆದ್ರೆ ಸಂರಕ್ಷಿತ ಸ್ಮಾರಕದ ಒಳಗೆ ಹೊರಗಿನ ವಸ್ತು ತಂದು ಹಾಕೋದೂ ಅಪರಾಧವೇ" ಎಂದರು.

"ಅದು ಹೊರಗಿನ ವಸ್ತು ಅಲ್ಲ ಸರ್, ಇದೇ ಕೋಟೆಯ ಕಲ್ಲು."

"ಹಾಗಾದ್ರೆ ಅವರ ಹತ್ರ ಹೇಗೆ ಬಂತು? ಕದ್ದಿದ್ದು ಅಂತಾಯ್ತಲ್ಲ."

ಲೋಕಮ್ಮ ಮುಂದೆ ಬಂದಳು. "ಬ್ಯಾಡ ಬಿಡ್ರೀ ಸಾಹೇಬ್ರೇ. ಒಳಗೆ ಇಡಾದು ತಪ್ಪಾದ್ರೆ ಮನಿಗೆ ಒಯ್ತೀನಿ."

"ಒಯ್ಯೋ ಹಾಗಿಲ್ಲಮ್ಮ. ಅದು ಸಾಗಾಣಿಕೆ ಆಗುತ್ತೆ."

"ಒಳಗೂ ಇಡಬಾರ್ದು, ಹೊರಗೂ ಒಯ್ಯಬಾರ್ದು. ಹಂಗಾರೆ ಕಲ್ಲು ಏನ್ ಮಾಡ್ಬೇಕ್ರೀ?"

ಕಲ್ಲು ಏನು ಮಾಡಬೇಕು ಎಂಬ ಬಗ್ಗೆ ಕಾನೂನಿನಲ್ಲಿ ಏನೂ ಇರಲಿಲ್ಲ. ಸಾಹೇಬರು ರಾಶಿಯ ಕಡೆಗೆ ನೋಡಲೇ ಇಲ್ಲ. ನೋಡಿದರೆ ಅವರ ಲೇಖನಕ್ಕೆ ಕಷ್ಟವಿತ್ತು. ಸುತ್ತ ಕಣ್ಣಾಡಿಸಿದರು. ಬಾಗಿಲಿನಿಂದ ಒಂದಿಷ್ಟು ದೂರದಲ್ಲಿ, ನಿಷೇಧಿತ ವಲಯದ ನಟ್ಟನಡುವೆ, ನಮ್ಮದೇ ಇಲಾಖೆ ಪರಸಪ್ಪನಿಗೆ ಒಂದು ಕಾವಲು ಕೊಠಡಿ ಕಟ್ಟಿಸಲು ಪಾಯ ತೋಡಿಸಿತ್ತು. ನಮಗೆ ನಾವೇ ಅನುಮತಿ ಕೇಳಿಕೊಳ್ಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಸಾಹೇಬರ ಮುಖ ಅರಳಿತು. "ಕಲ್ಲನ್ನ ಆ ಕೊಠಡಿ ಪಾಯಕ್ಕೆ ಹಾಕಿಸಿ. ಇಲಾಖೆ ವಶದಲ್ಲಿ ಸುರಕ್ಷಿತವಾಗಿದೆ ಅಂತ ಬರೆದು ದೂರು ವಾಪಸ್ ತಗೊಳ್ಳೋಣ. ಟ್ರ್ಯಾಕ್ಟರೂ ಬಿಡುಗಡೆ."

ಎಲ್ಲರಿಗೂ ಉಸಿರು ಬಂತು. ಲೋಕಮ್ಮ ಮಾತ್ರ ಕಲ್ಲಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಅವಳಿಗೆ ಪಾಯದ ಬಿಲ್ಲು ಬೇಕು, ಕಲ್ಲೂ ಬೇಕು. ನನ್ನ ಕಡೆ ತಿರುಗಿ, "ಆತು, ನೀವು ಕಡ ಒಯ್ಯಿರಿ. ಆದ್ರೆ ಪಾಯದಾಗೆ ಎಲ್ಲೋ ಹೂತುಹಾಕಬ್ಯಾಡ್ರಿ, ಹೊಸ್ತಿಲ ಕೆಳಗೇ ಇಡ್ರಿ. ಮತ್ತೆ ನಿಮ್ಮ ಪೈಕಿ ಯಾರಾದ್ರೂ ಬಾಗಿಲಾಗೆ ನಿಂತು ಮಾತು ಹೇಳ್ರಿ" ಎಂದಳು.

ಸಾಹೇಬರು ವಾಚು ನೋಡಿಕೊಂಡು, "ನೀವೇ ಹೇಳಿಬಿಡಿ ಮೇಡಂ, ನೀವು ಲೋಕಲ್ ಅಲ್ವಾ" ಎಂದರು.

ಸರ್ಕಾರಿ ಕೆಲಸದಲ್ಲಿ ಎಂತೆಂಥ ಪ್ರಮಾಣಗಳಿಗೋ ರುಜು ಹಾಕಿದ್ದೇನೆ, ಒಂದೂ ನೆನಪಿಲ್ಲ. ಆ ದಿನ ಕೋಟೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು, "ಕಡ ಒಯ್ತೀನಿ, ಮನೆ ಬಿದ್ದ ದಿನ ತಂದಿಡ್ತೀನಿ" ಎಂದದ್ದು ಮಾತ್ರ ನೆನಪಿದೆ. ಇಡೀ ಊರು ಕೇಳಿಸಿಕೊಂಡಿತು.

ಕೇಸು ಹೋಯಿತು, ಬಿಲ್ಲು ಬಂತು, ಲೋಕಮ್ಮನ ಗೋಡೆ ಎದ್ದಿತು. ನಾನು ಗಜದಾಳಿಯ ಫಲಕ ತಿದ್ದಬೇಕೆಂದು ಬರೆದೆ. ಸಾಕ್ಷ್ಯಾಧಾರ ಸಾಲದು ಎಂದು ಉತ್ತರ ಬಂತು. ಆನೆಗೆ ಎಷ್ಟು ಸಾಕ್ಷ್ಯಾಧಾರವಿತ್ತು ಎಂದು ಮತ್ತೆ ಕೇಳಲಿಲ್ಲ. ಪಿಂಚಣಿ ಹತ್ತಿರದಲ್ಲಿತ್ತು.

ಕೆಲವು ತಿಂಗಳ ಮೇಲೆ ಕೋಟೆಗೆ ಹೋದವಳು ಲೋಕಮ್ಮನ ಹೊಸ ಮನೆಯ ಮುಂದೆ ನಿಂತೆ. ಆರ್‌ಸಿಸಿ ಸೂರು, ಹಸಿರು ಬಣ್ಣ, ನೆಲಕ್ಕೆ ಟೈಲ್ಸು. ಬಾಗಿಲಿನ ಚೌಕಟ್ಟಿಗೆ ಮಾತ್ರ ಮೂರೇ ಪಟ್ಟಿ. ಹೊಸ್ತಿಲಿರಬೇಕಾದ ಜಾಗದಲ್ಲಿ ಒಂದು ಕುಣಿ, ಅದಕ್ಕೆ ಮರಳು ತುಂಬಿಸಿ ಮೇಲೊಂದು ಗೋಣಿಚೀಲ ಹಾಸಿದ್ದಳು.

"ಬರ್ರಿ ಮೇಡಂ, ಶೆಡ್ಡು ನೋಡ್ರಿ" ಎಂದಳು.

"ಇಷ್ಟು ಚೆಂದ ಕಟ್ಟಿಸಿ ಶೆಡ್ಡು ಅಂತೀರಲ್ಲ?"

"ಮತ್ತೇನನ್ನಾನ್ರೀ? ಹೊಸ್ತಿಲಿಲ್ಲ."

"ಜಗಲಿ ಮೇಲೆ ಅಷ್ಟೊಂದು ಕಲ್ಲಿವೆ. ಪರಸಪ್ಪನಿಗೆ ನಾನು ಹೇಳ್ತೀನಿ, ಬೇರೆ ಒಂದು ತಗೊಳ್ಳಿ."

"ನಮ್ಮನೆ ಕಲ್ಲು ಇನ್ನೂ ಜಗಲಿ ಏರಿಲ್ಲ. ಹೆಂಗೆ ಕೇಳಾನ್ರೀ?"

ಅದು ಲೆಕ್ಕಕ್ಕೆ ಸರಿಯಾಗೇ ಇತ್ತು. ಅವಳ ಮನೆತನದ ಕಡ ತೀರುವುದು ಕಲ್ಲು ಜಗಲಿಗೆ ಹೋದಾಗ, ಕಲ್ಲು ಜಗಲಿಗೆ ಹೋಗುವುದು ಇಲಾಖೆಯ ಕೊಠಡಿ ಬಿದ್ದಾಗ. ಸರ್ಕಾರಿ ಕಟ್ಟಡವಾದ್ದರಿಂದ ಬೇಗ ಬೀಳುತ್ತದೆ ಎಂದು ನಾನು ಸಮಾಧಾನ ಹೇಳಿದೆ. ಅವಳು ನಕ್ಕಳು. ಆದರೆ ಮಗಳ ಮದುವೆಯನ್ನು ಆನವಟ್ಟಿಯ ಕಲ್ಯಾಣ ಮಂಟಪದಲ್ಲೇ ಮಾಡಿದಳು. ಹೊಸ್ತಿಲು ಪೂಜೆ ಮಾಡಿ ಕಳಿಸಲು ಹೊಸ್ತಿಲು ಬೇಕಲ್ಲ. ಊಟದ ಪಂಕ್ತಿಯಲ್ಲಿ ಕೂತಿದ್ದ ನಾನು ಲಾಡನ್ನು ಎಲೆಯ ತುದಿಗೆ ಸರಿಸಿದೆ. ಸಾಹೇಬರು ಆ ಹೊತ್ತಿಗೆ ದೊಡ್ಡ ಊರಿಗೆ ವರ್ಗವಾಗಿ ಹೋಗಿದ್ದರು. ಕಡದ ಮಾತು ಆಡಿದವಳು ಇಲ್ಲೇ ಇದ್ದೆ.

ಕಾವಲು ಕೊಠಡಿ ಮೊದಲ ಮಳೆಗೇ ಸೋರಿತು, ಆದರೆ ಬೀಳಲಿಲ್ಲ. ನಾನು ಹೋದಾಗಲೆಲ್ಲ ಅದರ ಗೋಡೆಯಲ್ಲಿ ಬಿರುಕು ಹುಡುಕುತ್ತಿದ್ದೆ. ಸಂರಕ್ಷಣಾ ಸಹಾಯಕಿಯೊಬ್ಬಳು ಕಟ್ಟಡ ಬೀಳಲಿ ಎಂದು ಹಾರೈಸಿದ್ದು ಇಲಾಖೆಯಲ್ಲಿ ಅದೇ ಮೊದಲಿರಬೇಕು. ನಾನು ನಿವೃತ್ತಳಾದೆ, ಹಾರ ಹಾಕಿಸಿಕೊಂಡೆ, ಕೊಠಡಿ ನಿಂತೇ ಇತ್ತು.

ಕೊನೆಗೆ ಅದನ್ನು ಬೀಳಿಸಿದ್ದು ಕಾನೂನು. ಹೊಸದಾಗಿ ಬಂದ ಅಧಿಕಾರಿಯೊಬ್ಬರು ಡ್ರೋನಿನ ಚಿತ್ರ ನೋಡುತ್ತ, ನಿಷೇಧಿತ ವಲಯದಲ್ಲಿ ಅನಧಿಕೃತ ಕಟ್ಟಡವೊಂದನ್ನು ಪತ್ತೆ ಹಚ್ಚಿ, ಕಟ್ಟಿಸಿದವರಿಗೆ ನೋಟಿಸು ಕೊಟ್ಟರು. ಕಟ್ಟಿಸಿದ್ದು ತಮ್ಮ ಇಲಾಖೆಯೇ ಎಂದು ಗೊತ್ತಾಗುವಷ್ಟರಲ್ಲಿ ತೆರವಿಗೆ ಆದೇಶವಾಗಿತ್ತು. ಆ ಯಂತ್ರದ ಮೇಲಿದ್ದ ನನ್ನ ಹಳೆಯ ಸಿಟ್ಟು ಅಂದಿಗೆ ಇಳಿಯಿತು.

ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಅಂದು ಬೆಳಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದಾಗ ಲೋಕಮ್ಮನ ಫೋನು ಬಂತು.

"ಮೇಡಂ, ನಿಮ್ಮ ಮನೆ ಕೆಡವಾಕ್ ಹತ್ಯಾರೆ. ಲಗೂನ ಬರ್ರಿ!"

ನಾನು ಒಮ್ಮೆ ತಲೆಯೆತ್ತಿ ನನ್ನ ಸೂರನ್ನೇ ನೋಡಿಕೊಂಡೆ. ಆಮೇಲೆ ಅರ್ಥವಾಯಿತು. ಒಲೆ ಆರಿಸಿ, ಹಿಟ್ಟಿನ ಕೈ ತೊಳೆದು, ಸಿಕ್ಕ ಆನವಟ್ಟಿ ಬಸ್ಸು ಹತ್ತಿದೆ.

ನಾನು ಹೋಗುವಷ್ಟರಲ್ಲಿ ಗೋಡೆಗಳೆಲ್ಲ ಮಲಗಿದ್ದವು. ಗುತ್ತಿಗೆದಾರ ಅವಶೇಷವನ್ನೆಲ್ಲ ರಸ್ತೆಯ ಗುಂಡಿಗೆ ತುಂಬಲು ಹೇರುತ್ತಿದ್ದ. ಜೆಸಿಬಿ ಮಾತ್ರ ಸೊಂಡಿಲು ಎತ್ತಿಕೊಂಡು ಸುಮ್ಮನೆ ನಿಂತಿತ್ತು. ಅದರ ಮುಂದೆ, ಬಾಗಿಲಿದ್ದ ಜಾಗದಲ್ಲಿ, ಲೋಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಲ್ಲಿನ ಮೇಲೆ ಕೂತುಬಿಟ್ಟಿದ್ದಳು. ಸಂತೆಯ ಬುಟ್ಟಿ ಪಕ್ಕದಲ್ಲೇ ಇತ್ತು.

"ಯಾರು ಏಳ್ಸಿದ್ರೂ ಏಳಲ್ಲ ಅಂದೀನ್ರೀ. ಕಡ ತಂದೋರು ಬರ್ಲಿ ಅಂದೆ."

ರಹಮತ್ ಸಾಬ್ ಟ್ರ್ಯಾಕ್ಟರು ತಂದರು. "ಈ ಸಲ ಜಪ್ತಿ ಮಾಡಿದ್ರೆ ನಿಮ್ಮ ಪಿಂಚಣಿ ಹಿಡ್ಕಂತೀನ್ರೀ ಮೇಡಂ" ಎಂದು ನಗುತ್ತಲೇ ಕಲ್ಲಿಗೆ ಕೈ ಹಾಕಿದರು. ಪರಸಪ್ಪ ಕೋಟೆ ಬಾಗಿಲಲ್ಲಿ ನಿಂತಿದ್ದ. ತಲೆ ಬೆಳ್ಳಗಾಗಿತ್ತು, ಕಳ್ಳರನ್ನು ಹಿಡಿಯುವ ಆಸೆ ಹೋಗಿತ್ತು. ಟ್ರೈಲರಿನಲ್ಲಿದ್ದ ಕಲ್ಲನ್ನು ನೋಡಿ, ನನ್ನನ್ನೂ ನೋಡಿದ.

"ಮೇಡಂ, ಕಲ್ಲು ಒಳಗೆ ಹೋಗಾದೋ, ಹೊರಗೆ ಬರಾದೋ?"

"ಎರಡೂ, ಪರಸಪ್ಪ."

"ಹಂಗಾರೆ ನಾನು ಆ ಕಡೆ ಕೊಕ್ಕರೆ ನೋಡ್ಕಂತ ನಿಲ್ತೀನಿ" ಎಂದು ಬುರುಜಿನ ಕಡೆಗೆ ನಡೆದ.

ಕಲ್ಲನ್ನು ಎಡಗಡೆಯ ಜಗಲಿಯ ಮೇಲೆ ಇಳಿಸಿದರು. ನಾನು ಚಪ್ಪಲಿ ಬಿಟ್ಟ ಮೇಲೆಯೇ ಗೊತ್ತಾದದ್ದು, ವಾಪಸ್ ಕೊಡುವಾಗ ಏನು ಹೇಳಬೇಕೆಂದು ನಾನು ಯಾರನ್ನೂ ಕೇಳಿಯೇ ಇರಲಿಲ್ಲ. ಲೋಕಮ್ಮ ಮೆಲ್ಲಗೆ ಹೇಳಿಕೊಟ್ಟಳು. "ಮನೆ ಬಿತ್ತು, ಕಲ್ಲು ತಂದೀನಿ" ಎಂದೆ. ಅಷ್ಟು ಹೇಳುವಷ್ಟರಲ್ಲಿ ಕಣ್ಣು ತುಂಬಿತು. ಹಾರ ಹಾಕಿ ಕಳಿಸಿದ ದಿನ ಬರದ ಕಣ್ಣೀರು, ಅದು ಹೇಗೆ ಅಲ್ಲಿ ಬಂತೋ ಕಾಣೆ. ಲೋಕಮ್ಮ ಕೈಮುಗಿದು, ತನ್ನ ಕಡದ ಮಾತು ಹೇಳಿದಳು. ಕಲ್ಲು ಮತ್ತೆ ಟ್ರೈಲರು ಏರಿತು. ಗಜದಾಳಿಯ ನೀಲಿ ಫಲಕದ ಪಕ್ಕದಲ್ಲೇ ಟ್ರ್ಯಾಕ್ಟರು ಹೊರಗೆ ಹೋಯಿತು. ಪರಸಪ್ಪ ಕೊಕ್ಕರೆಗಳನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದ.

ಇಲಾಖೆಗೆ ಸೇರುವ ಮಕ್ಕಳೇ, ಆ ದಿನ ನಾನು ಕಲ್ಲನ್ನು ಒಳಗೆ ತಂದ ಅಪರಾಧ, ಹೊರಗೆ ಸಾಗಿಸಿದ ಅಪರಾಧ ಎರಡನ್ನೂ ಮಾಡಿದೆ. ನಿಮಗೆ ಕೇಸು ಬೇಕಿದ್ದರೆ ನನ್ನ ವಿಳಾಸ ಕಚೇರಿಯಲ್ಲಿ ಸಿಗುತ್ತದೆ.

ಗೋಣಿಚೀಲ ಎತ್ತಿ, ಮರಳು ತೆಗೆದು, ಕುಣಿಯಲ್ಲಿ ಕಲ್ಲನ್ನು ಕೂರಿಸಿದರು. ಬಡಗಿ ಬರುವುದು ನಾಳೆ ಎಂದು ಗೊತ್ತಿದ್ದರೂ ಲೋಕಮ್ಮ ಆಗಲೇ ಕಲ್ಲಿಗೆ ನೀರು ಹಾಕಿ, ಅರಿಶಿನ ಹಚ್ಚಿ, ಎರಡು ಎಳೆ ರಂಗೋಲಿ ಎಳೆದಳು. ನಾನು ಅಂಗಳದಲ್ಲೇ ನಿಂತಿದ್ದೆ. ಅವಳು ಬಲಗಾಲಿಟ್ಟು ಕಲ್ಲು ದಾಟಿ ಒಳಗೆ ಹೋದಳು. ಒಳಗಿನಿಂದ ಲೋಟದ ಸದ್ದು ಕೇಳಿಸಿತು. ಆಮೇಲೆ ಬಾಗಿಲಿಗೆ ಬಂದು ನನ್ನನ್ನು ನೋಡಿ ಗದರಿದಳು:

"ಬಿಸಿಲಾಗೆ ಯಾಕ್ ನಿಂತೀರಿ ಮೇಡಂ? ಮನೆ ಒಳಗೆ ಬರ್ರಿ."